ಫೈಲ್‌ನಲ್ಲಿ ‘ರೆಫರ್ ಮಾಡಲಾಗಿದೆ’ ಅಂತಿದೆ, ಅವರು ಆಸ್ಪತ್ರೆಗೆ ಹೋಗೇ ಇಲ್ಲ. ಏನು ಮಾಡಲಿ?

ಹೊಸಬಳು:
ಎಲ್ಲರಿಗೂ ನಮಸ್ಕಾರ. ಎಂ.ಎಸ್.ಡಬ್ಲ್ಯು. ಮುಗಿಸಿ ಹರಪನಹಳ್ಳಿ ಕಡೆ ಮಾನಸಿಕ ಆರೋಗ್ಯದ ಕೇಸ್ ವರ್ಕರ್ ಆಗಿ ಸೇರಿದ್ದೇನೆ. ನನ್ನ ರಿಜಿಸ್ಟರ್‌ನಲ್ಲಿ 70 ಹೆಸರುಗಳಿವೆ. ಅದರಲ್ಲಿ ಒಬ್ಬ ಹೆಂಗಸಿಗೆ ಸ್ಕಿಜೋಫ್ರೇನಿಯಾ ಅನ್ನುವ ತೀವ್ರ ಮಾನಸಿಕ ಕಾಯಿಲೆ. ಅಣ್ಣ, ಅತ್ತಿಗೆ ಜೊತೆ ಇದ್ದಾರೆ. ಮಾತ್ರೆ ಬಿಟ್ಟು ಬಹಳ ದಿನ ಆಗಿದೆ. ತಾಲ್ಲೂಕು ಆಸ್ಪತ್ರೆಗೆ ಚೀಟಿ ಬರೆದುಕೊಟ್ಟೆ, ಹೋಗಲಿಲ್ಲ. ಅಣ್ಣ ಕೇಳುವುದು ಒಂದೇ, ‘ಪೆನ್ಷನ್ ಯಾವಾಗ ಬರುತ್ತೆ?’ ಆ ಹೆಂಗಸಂತೂ ನನ್ನ ಮುಖವನ್ನೇ ನೋಡಲ್ಲ. ಕಾಲೇಜಲ್ಲಿ ಅಸೆಸ್‌ಮೆಂಟ್, ಪ್ಲಾನ್, ಲಿಂಕೇಜ್ (ಬೇಕಾದ ಸೇವೆಗೆ ಜೋಡಿಸುವುದು), ಫಾಲೋ ಅಪ್ ಅಂತ ಓದಿದ್ದೆಲ್ಲ ಇಲ್ಲಿ ಎಲ್ಲಿಂದ ಶುರು ಮಾಡಬೇಕೋ ಗೊತ್ತಾಗ್ತಿಲ್ಲ.

ಫೀಲ್ಡ್ ಅಕ್ಕ:
ನೋಡಮ್ಮ, ಕಳಿಸುವುದು ಬೇರೆ, ತಲುಪಿಸುವುದು ಬೇರೆ. ಚೀಟಿ ಕೊಟ್ಟರೆ ನಮ್ಮ ಫೈಲ್ ತುಂಬುತ್ತೆ, ಅಷ್ಟೇ. ಅವರು ಡಾಕ್ಟರ್ ಮುಂದೆ ಕೂತು, ಮಾತ್ರೆ ಕೈಗೆ ಬಂದು, ಅದನ್ನು ನುಂಗುವ ತನಕ ಆ ಕೇಸ್ ನಿನ್ನದೇ.

ಮೊದಲು ಮಾತ್ರೆ ಯಾಕೆ ಬಿಟ್ಟರು ಅಂತ ತಿಳಿದುಕೋ. ಅಣ್ಣನನ್ನಲ್ಲ, ಅವರನ್ನೇ ಕೇಳು. ನಾನು ಬಳ್ಳಾರಿ ಜಿಲ್ಲೆಯಲ್ಲಿ ಬಹಳ ವರ್ಷ ಈ ಕೆಲಸ ಮಾಡಿದ್ದೇನೆ. ಒಂದು ಮನೆಯಲ್ಲಿ ಹೀಗೇ, ಮಾತ್ರೆ ಮುಟ್ಟುತ್ತಿರಲಿಲ್ಲ. ಕೊಟ್ಟಿದ್ದನ್ನೆಲ್ಲ ಗೋಡೆಯ ಗೂಡಿನಲ್ಲಿ ದೀಪದ ಹಿಂದೆ ಸೇರಿಸಿಟ್ಟಿದ್ದಳು. ‘ಹಟಮಾರಿ’ ಅಂತ ಮನೆಯವರ ದೂರು. ಒಲೆ ಹತ್ತಿರ ಸುಮ್ನೆ ಕೂತು ಅದೂ ಇದೂ ಮಾತಾಡುವಾಗ ಗೊತ್ತಾಯಿತು: ಮಾತ್ರೆ ತಗೊಂಡರೆ ಕೈ ನಡುಗುತ್ತಿತ್ತು, ರೊಟ್ಟಿ ಬಡಿಯಲು ಆಗುತ್ತಿರಲಿಲ್ಲ. ಅಂಚು ಹರಿದು ಹೋಗುತ್ತಿತ್ತು. ಅತ್ತೆ ಹಿಟ್ಟಿನ ಪರಾತ ಕಸಿದುಕೊಂಡಿದ್ದರು. ಆ ಮನೆಯಲ್ಲಿ ಅವಳಿಗೆ ಉಳಿದಿದ್ದ ಒಂದೇ ಮರ್ಯಾದೆಯ ಕೆಲಸ ಅದು. ಡಾಕ್ಟರಿಗೆ ಇದನ್ನೇ ಹೇಳಿದೆವು. ಡೋಸ್ ಇಳಿಸಿದರು, ನಡುಕಕ್ಕೆ ಬೇರೆ ಮಾತ್ರೆ ಸೇರಿಸಿದರು. ಆಮೇಲೆ ಯಾರೂ ಒತ್ತಾಯ ಮಾಡಬೇಕಾಗಲಿಲ್ಲ.

ಪ್ಲಾನ್ ಅಂದರೆ ಇದೇ. ಅವಳ ಫೈಲ್‌ನಲ್ಲಿ ಗುರಿ ಅಂತ ಇದ್ದ ಕಡೆ ‘ದಿನಾ ನಾನೇ ರೊಟ್ಟಿ ಬಡಿಯಬೇಕು’ ಅಂತ ಅವಳ ಮಾತಲ್ಲೇ ಬರೆದೆ. ಮೇಲಿನವರು ‘ಕುಟುಂಬದಲ್ಲಿ ಪುನರ್ವಸತಿ’ ಅಂತ ಬರೆಯಿರಿ ಅಂದರು. ಬರೆದುಕೊಳ್ಳಲಿ, ವರದಿಗೆ ಅದು ಚಂದ! ಆದರೆ ತಿಂಗಳಾದ ಮೇಲೆ ಆಯಿತೋ ಇಲ್ಲವೋ ಅಂತ ನೋಡಲು ರೊಟ್ಟಿನೇ ಬೇಕು.

ಇನ್ನು ಪೆನ್ಷನ್. ಅಣ್ಣ ದುಡ್ಡಿನ ಆಸೆಯವನು ಅಂತ ತಳ್ಳಿಹಾಕಬೇಡ. ಕೂಲಿ ಬಿಟ್ಟು ಆಸ್ಪತ್ರೆಗೆ ಬರುವವನು ಅವನೇ ಅಲ್ವಾ? 2016ರ ಅಂಗವಿಕಲರ ಕಾಯ್ದೆಯ 21 ಬಗೆಗಳಲ್ಲಿ ಮಾನಸಿಕ ಕಾಯಿಲೆಯೂ ಇದೆ. ಯು.ಡಿ.ಐ.ಡಿ. ಅನ್ನುವ ಅಂಗವಿಕಲರ ಗುರುತಿನ ಕಾರ್ಡ್‌ಗೆ ಐಡಿಯಾಸ್ ಅನ್ನುವ ಅಳತೆಯಲ್ಲಿ ನೋಡುತ್ತಾರೆ: ಸ್ನಾನ-ಬಟ್ಟೆ ತಾವೇ ನೋಡಿಕೊಳ್ಳುತ್ತಾರಾ, ಜನರ ಜೊತೆ ಹೇಗಿದ್ದಾರೆ, ಮಾತು ಅರ್ಥ ಆಗುತ್ತಾ, ಕೆಲಸ ಮಾಡುತ್ತಾರಾ. ಕಾಯಿಲೆ ಎಷ್ಟು ವರ್ಷದ್ದು ಅನ್ನುವುದಕ್ಕೂ ಅಂಕ ಇದೆ. ಹಾಗಾಗಿ ಟ್ರಂಕಿನಲ್ಲಿ ಬಿದ್ದಿರುವ ಹಳೇ ಚೀಟಿಗಳನ್ನೆಲ್ಲ ಹುಡುಕಿಸು. ಅಂಗವಿಕಲತೆ ಶೇ. 40 ಮುಟ್ಟಿದರೆ ಪೆನ್ಷನ್‌ಗೆ ದಾರಿ ತೆರೆಯುತ್ತೆ. ಇದಕ್ಕೆ ಹೇಗೂ ಅವರು ಮನೋವೈದ್ಯರ ಮುಂದೆ ಬರಲೇಬೇಕು. ಅಣ್ಣನ ಆಸೆ, ನಿನ್ನ ಮಾತ್ರೆ, ಎರಡಕ್ಕೂ ಒಂದೇ ಬಸ್ಸು. ಬ್ಯಾಂಕ್ ಖಾತೆ ಮಾತ್ರ ಅವರ ಹೆಸರಲ್ಲೇ ಇರಲಿ.

ಬೀದಿಯಲ್ಲಿ ನಿಂತು ‘ಮಾತ್ರೆ ತಗೊಂಡ್ರಾ’ ಅಂತ ಕೂಗಬೇಡ. ಆಶಾ ಕಾರ್ಯಕರ್ತೆಗೂ ಬೇಕಾದಷ್ಟೇ ಹೇಳು. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಗೋಪ್ಯತೆ ಅವರ ಹಕ್ಕು.

ಪಂಚಾಯ್ತಿ ಮಂಜಣ್ಣ:
ಅಕ್ಕ ಹೇಳಿದ್ದು ಸರಿ. ನಾನು ವಿ.ಆರ್.ಡಬ್ಲ್ಯು., ಅಂದರೆ ಪಂಚಾಯ್ತಿಯಲ್ಲಿ ಅಂಗವಿಕಲರ ಕೆಲಸ ನೋಡುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ. ಒಂದು ಸಣ್ಣ ಉಪಾಯ: ಅಣ್ಣನ ಬದಲು ಅತ್ತಿಗೆಯನ್ನು ಜೊತೆಗೆ ಕಳಿಸಿ ಮೇಡಂ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಹೆಂಗಸರಿಬ್ಬರಿಗೂ ಸರ್ಕಾರಿ ಬಸ್ ಫ್ರೀ. ಅಣ್ಣನ ಕೂಲಿಯೂ ಉಳಿಯುತ್ತೆ. ಆಧಾರ್ ಮರೆಯಬೇಡಿ, ಕಂಡಕ್ಟರ್ ಕೇಳುತ್ತಾರೆ. ಕಾರ್ಡಿನ ಅರ್ಜಿ ಹಾಕಲು ನಿಮ್ಮ ಪಂಚಾಯ್ತಿಯ ವಿ.ಆರ್.ಡಬ್ಲ್ಯು. ಹಿಡಿಯಿರಿ, ನಮಗೆ ಅದು ದಿನದ ಕೆಲಸ.

ಹೊಸಬಳು:
ತುಂಬಾ ಥ್ಯಾಂಕ್ಸ್ ಅಕ್ಕ, ಅಣ್ಣ. ಆದರೆ ಒಬ್ಬರ ಒಲೆ ಮುಂದೆ ಹೀಗೆ ಕೂತರೆ ಉಳಿದ 69 ಜನ?

ಫೀಲ್ಡ್ ಅಕ್ಕ:
ಕೇಳಬೇಕಾದ ಪ್ರಶ್ನೆಯೇ. ಅಮೆರಿಕದ ಮ್ಯಾಡಿಸನ್‌ನಲ್ಲಿ 1970ರ ದಶಕದಲ್ಲಿ, ಆಸ್ಪತ್ರೆಯಿಂದ ಬಂದವರನ್ನು ಅವರ ಮನೆಯಲ್ಲೇ ನೋಡಿಕೊಳ್ಳುವ ತಂಡ ಕಟ್ಟಿದರು. ಆ ಮಾದರಿಯಲ್ಲಿ ಒಬ್ಬ ಕೆಲಸಗಾರರಿಗೆ ಸುಮಾರು 10 ಜನ. ನಮಗೆ 70! ಇದನ್ನು ಮೀಟಿಂಗ್‌ನಲ್ಲಿ ಬಾಯಿಬಿಟ್ಟು ಹೇಳು, ಬರೆದೂ ಕೊಡು. ಸುಮ್ಮನಿದ್ದರೆ 90 ಮಾಡುತ್ತಾರೆ.

ಸದ್ಯಕ್ಕೆ ಹೆಸರುಗಳನ್ನು ಬೇರೆ ಮಾಡು. ಮಾತ್ರೆ ಬಿಟ್ಟವರು, ಸಾಯುವ ಮಾತಾಡುವವರು, ಕಟ್ಟಿಹಾಕಿರುವ ಮನೆಗಳು, ಇವರಿಗೆ ವಾರ ವಾರ ಹೋಗು. ಕೆಲಸಕ್ಕೆ ಹೋಗುತ್ತಾ, ತಾವೇ ಮಾತ್ರೆ ತರುವವರಿಗೆ ತಿಂಗಳಿಗೊಂದು ಫೋನ್ ಸಾಕು. ಒಂದಷ್ಟು ಫೈಲ್ ಮುಚ್ಚಲೂಬೇಕು. ಚೆನ್ನಾಗಿರುವವರ ಮನೆಗೆ ನಾವು ಹೋಗುತ್ತಲೇ ಇದ್ದರೆ ಊರವರಿಗೆ ಅವರು ಇನ್ನೂ ‘ಆ ಕಾಯಿಲೆಯವರೇ’. ಮುಚ್ಚುವಾಗ ನಿನ್ನ ನಂಬರ್ ಜೊತೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಬರೆದು ಕೊಡು, ಹಗಲು ರಾತ್ರಿ ಯಾವಾಗ ಬೇಕಾದರೂ ಮಾತಾಡಬಹುದು.

ಹೊಸಬಳು:
ಸರಿ ಅಕ್ಕ. ನಾಳೆ ಮನೆಗೆ ಹೋಗಿ ಅವರ ಹತ್ತಿರ ಕೂರುತ್ತೇನೆ. ಒಪ್ಪಿದರೆ ಮಂಗಳವಾರ ಅತ್ತಿಗೆ ಜೊತೆ ನಾನೂ ಹೋಗುತ್ತೇನೆ.

ಫೀಲ್ಡ್ ಅಕ್ಕ:
ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮ ಇದೆ ಅಂದರೂ ನಿಮ್ಮ ತಾಲ್ಲೂಕಿಗೆ ಆ ವಾರ ಡಾಕ್ಟರ್ ಬರುತ್ತಾರಾ ಅಂತ ಹಿಂದಿನ ದಿನವೇ ಆಸ್ಪತ್ರೆಗೆ ಫೋನ್ ಮಾಡಿ ಕೇಳು. ಒಂದು ಸಲ ಸುಮ್ನೆ ವಾಪಸ್ ಬಂದರೆ ಎರಡನೇ ಸಲ ಅವರನ್ನು ಹೊರಡಿಸುವುದು ಕಷ್ಟ.