ಕೆಟ್ಟ ಹವಾಮಾನದಲ್ಲಿ ವಿಮಾನ ರದ್ದು ಮಾಡುವುದು ಯಾರು, ಹೇಗೆ?

ಪ್ರಶ್ನೆ: ಮೇಡಂ, ನೀವು ಬಹಳ ವರ್ಷ ಫ್ಲೈಟ್ ಡಿಸ್ಪ್ಯಾಚರ್, ಅಂದರೆ ನೆಲದ ಮೇಲಿದ್ದು ವಿಮಾನದ ಹಾರಾಟವನ್ನು ಯೋಜಿಸುವವರು, ಆಗಿದ್ದವರು; ಅದಕ್ಕೇ ಕೇಳುತ್ತಿದ್ದೇನೆ. ಕಳೆದ ವಾರ ನನ್ನ ವಿಮಾನವನ್ನು ‘ಪ್ರತಿಕೂಲ ಹವಾಮಾನ’ವೆಂದು ರದ್ದು ಮಾಡಿದರು. ಹೊರಗೆ ಚೆನ್ನಾಗಿ ಬಿಸಿಲಿತ್ತು. ಪಕ್ಕದ ಗೇಟಿನಿಂದ ಇನ್ನೊಂದು ಸಂಸ್ಥೆಯ ವಿಮಾನ ಅದೇ ಊರಿಗೆ ಹೊರಟೂ ಹೋಯಿತು. ಇದು ಬರೀ ನೆಪವಲ್ಲವೇ?

ಉತ್ತರ: ಯಾವ ಸಂಸ್ಥೆಯೂ ನೆಪ ಹೇಳುವುದಿಲ್ಲವೆಂದು ನಾನು ಆಣೆ ಮಾಡಲಾರೆ. ಆದರೆ ನೀವು ಕೊಟ್ಟ ಎರಡು ಸಾಕ್ಷಿಗಳೂ ನಿಲ್ಲುವುದಿಲ್ಲ. ನೀವು ನೋಡಿದ್ದು ಹೊರಡುವ ಊರಿನ ಆಕಾಶ. ನಮಗೆ ಬೇಕಾದದ್ದು ಇನ್ನೂ ಮೂರು: ನೀವು ಇಳಿಯುವ ಹೊತ್ತಿಗೆ ಆ ಊರಿನಲ್ಲಿರುವ ಆಕಾಶ, ಅಲ್ಲಿ ಇಳಿಯಲಾಗದಿದ್ದರೆ ತಿರುಗಬೇಕಾದ ಬದಲಿ ನಿಲ್ದಾಣದ ಆಕಾಶ, ನಿಮ್ಮ ವಿಮಾನ ಎಲ್ಲಿಂದ ಬರಬೇಕೋ ಅಲ್ಲಿನ ಆಕಾಶ. ಬದಲಿ ನಿಲ್ದಾಣಕ್ಕೆ ಹೋಗುವಷ್ಟು ಇಂಧನ, ಅದರ ಮೇಲೆ 30 ನಿಮಿಷ ಹಾರುವಷ್ಟು ಮೀಸಲು ಇಲ್ಲದೆ ಜೆಟ್ ವಿಮಾನವನ್ನು ಕಳುಹಿಸುವಂತಿಲ್ಲ. ಸುತ್ತಲಿನ ನಿಲ್ದಾಣಗಳೆಲ್ಲ ಮಂಜಿನಲ್ಲಿ ಮುಳುಗಿದ್ದರೆ ಬದಲಿ ಎಲ್ಲೋ ದೂರದಲ್ಲಿ ಸಿಗುತ್ತದೆ, ಅಷ್ಟು ಇಂಧನದ ಭಾರಕ್ಕೆ ಪ್ರಯಾಣಿಕರನ್ನೇ ಇಳಿಸಬೇಕಾಗಬಹುದು.

ಇನ್ನು ಪಕ್ಕದ ಗೇಟು. ಸಾಮಾನ್ಯ ಉಪಕರಣ ನೆರವಿನಲ್ಲಿ ಇಳಿಯಲು ರನ್‌ವೇ ಮೇಲೆ ಸುಮಾರು 550 ಮೀಟರ್ ಗೋಚರತೆ ಬೇಕು. ನೆಲದಿಂದ 200 ಅಡಿ ಎತ್ತರಕ್ಕೆ ಬಂದಾಗ ಪೈಲಟ್‌ಗೆ ರನ್‌ವೇ ಅಥವಾ ಅದರ ದೀಪಗಳು ಕಾಣಬೇಕು, ಇಲ್ಲದಿದ್ದರೆ ಮತ್ತೆ ಮೇಲೇರಬೇಕು. ತಾನಾಗಿಯೇ ಇಳಿಯುವ ವ್ಯವಸ್ಥೆಯಿದ್ದರೆ 200 ಮೀಟರಿಗಿಂತ ಕಡಿಮೆ ಗೋಚರತೆಯಲ್ಲೂ ಇಳಿಯಬಹುದು. ಆದರೆ ಅದಕ್ಕೆ ರನ್‌ವೇ, ವಿಮಾನ, ಇಬ್ಬರೂ ಪೈಲಟ್‌ಗಳು, ಎಲ್ಲರಿಗೂ ಅರ್ಹತೆ ಇರಬೇಕು. ಒಬ್ಬರ ತರಬೇತಿ ಬಾಕಿಯಿದ್ದರೂ ಕೋಟಿಗಟ್ಟಲೆ ಬೆಲೆಯ ಯಂತ್ರ ಸುಮ್ಮನೆ ನಿಂತಿರುತ್ತದೆ.

ಪ್ರಶ್ನೆ: ಸರಿ, ಆದರೆ ಒಂದೇ ಸಂಸ್ಥೆಯ ಹತ್ತು ವಿಮಾನಗಳಲ್ಲಿ ನನ್ನದನ್ನೇ ಏಕೆ ಆರಿಸುತ್ತಾರೆ?

ಉತ್ತರ: ಈ ಕೆಲಸಕ್ಕೆ ನಾವು ಬೈಗುಳ ತಿನ್ನುವುದೇ ಇಲ್ಲಿ. ಮಂಜು ಬಿದ್ದಾಗ ಇಳಿಯುವ ವಿಮಾನಗಳ ನಡುವೆ ಹೆಚ್ಚು ಅಂತರ ಬಿಡಬೇಕು, ಗಂಟೆಗೆ ಇಳಿಯುವವುಗಳ ಸಂಖ್ಯೆ ಕುಸಿಯುತ್ತದೆ. ಸಿಕ್ಕಿದ ಕೆಲವೇ ಅವಕಾಶಗಳನ್ನು ಯಾರಿಗೆ ಕೊಡಬೇಕು? ದಿನಕ್ಕೆ ಎಂಟು ಸಲ ಹೋಗುವ ಊರಿನ ಒಂದು ವಿಮಾನವನ್ನು ಬಿಟ್ಟರೆ ಪ್ರಯಾಣಿಕರನ್ನು ಉಳಿದವುಗಳಲ್ಲಿ ಸೇರಿಸಬಹುದು. ದಿನಕ್ಕೊಂದೇ ಇರುವ ದೂರದ ವಿಮಾನವನ್ನು ಬಿಟ್ಟರೆ ದಾರಿಯೇ ಇಲ್ಲ. ಹೋಗಿಬರುವ ಜೋಡಿಯನ್ನು ಒಟ್ಟಿಗೇ ಕೈಬಿಡುತ್ತೇವೆ, ಆಗ ವಿಮಾನ ತನ್ನ ನೆಲೆಯಲ್ಲೇ ಉಳಿದು ಸಂಜೆಯ ಕೆಲಸಕ್ಕೆ ಸಿಗುತ್ತದೆ. ತುಂಬಿದ ವಿಮಾನವನ್ನು ರದ್ದು ಮಾಡಿ ಅರ್ಧ ಖಾಲಿಯದನ್ನು ಹಾರಿಸಿದ ದಿನಗಳೂ ಇವೆ. ಆ ಅರ್ಧ ಖಾಲಿ ವಿಮಾನ ಆ ಕಡೆಯಿಂದ ತುಂಬಿಕೊಂಡು ಬರಬೇಕಿತ್ತು.

ಸಿಬ್ಬಂದಿಯ ಗಡಿಯಾರ ಬೇರೆ ಇದೆ. ಅವರ ಕರ್ತವ್ಯದ ಅವಧಿ ಕೆಲಸಕ್ಕೆ ಹಾಜರಾದ ಕ್ಷಣದಿಂದ ಓಡುತ್ತದೆ, ನೆಲದ ಮೇಲೆ ಕಾದ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಆಕಾಶ ತಿಳಿಯಾಗುವ ಹೊತ್ತಿಗೆ ಅವರ ಮಿತಿ ಮುಗಿದಿರುವುದೂ ಉಂಟು.

ಪ್ರಶ್ನೆ: ಪೈಲಟ್ ‘ನಾನು ಹಾರಿಸುತ್ತೇನೆ’ ಎಂದರೆ?

ಉತ್ತರ: ಅವರ ‘ಬೇಡ’ಕ್ಕೆ ಮೇಲ್ಮನವಿಯಿಲ್ಲ. ಅವರ ‘ಸರಿ’ ಒಂದೇ ಸಾಲುವುದಿಲ್ಲ.

ಪ್ರಶ್ನೆ: ಬಿರುಗಾಳಿ ನಾಳೆ ಬರುತ್ತದೆ ಎನ್ನುವಾಗ ಇವತ್ತೇ ರದ್ದು ಮಾಡುವುದು ಅತಿಯಾಗಲಿಲ್ಲವೇ?

ಉತ್ತರ: ಇಲ್ಲ, ನನ್ನ ಮಟ್ಟಿಗೆ ಅದು ಜಾಣತನ. ವಿಮಾನಗಳನ್ನು ಮೊದಲೇ ದೂರಕ್ಕೆ ಸಾಗಿಸಿದರೆ ಗಾಳಿ ನಿಂತ ಮರುಬೆಳಿಗ್ಗೆ ಹಾರಿಸಲು ಏನಾದರೂ ಕೈಯಲ್ಲಿರುತ್ತದೆ. ದೊಡ್ಡ ಬಿರುಗಾಳಿ ಮುನ್ಸೂಚನೆ ಕೊಟ್ಟೇ ಬರುತ್ತದೆ. ನಮ್ಮ ನಿದ್ದೆ ಕೆಡಿಸುವುದು ಮಂಜು. ಉಷ್ಣಾಂಶ ಇಬ್ಬನಿ ಬಿಂದುವಿಗೆ, ಅಂದರೆ ಗಾಳಿಯ ತೇವ ಹನಿಗಟ್ಟುವ ಮಟ್ಟಕ್ಕೆ, ಇನ್ನೊಂದು ಡಿಗ್ರಿ ಸಮೀಪಿಸಿದರೆ ರನ್‌ವೇ ಮಾಯ, ಸ್ವಲ್ಪ ಗಾಳಿಯಾಡಿದರೆ ಎಲ್ಲವೂ ಸ್ಪಷ್ಟ. ಬೆಳಗಿನ ಜಾವ ನಾಲ್ಕಕ್ಕೆ ನಾನು ರದ್ದು ಮಾಡಿದ ವಿಮಾನಗಳ ಹೊತ್ತಿಗೆ ಸರಿಯಾಗಿ ಮಂಜು ಕರಗಿದ್ದುಂಟು. ಆ ದಿನ ಪ್ರಯಾಣಿಕರು ಬೈದದ್ದರಲ್ಲಿ ತಪ್ಪಿರಲಿಲ್ಲ.

ಪ್ರಶ್ನೆ: ಹಾಗಾದರೆ ಪ್ರಯಾಣಿಕರು ಮೊದಲೇ ಊಹಿಸುವುದು ಹೇಗೆ?

ಉತ್ತರ: ನಿಮ್ಮನ್ನು ಕರೆದೊಯ್ಯುವ ವಿಮಾನ ಈಗ ಎಲ್ಲಿದೆ ಎಂದು ನೋಡಿ. ಅದು ಇನ್ನೂ ಹಿಂದಿನ ಊರಿನಲ್ಲೇ ನಿಂತಿದ್ದರೆ ನಿಮ್ಮ ನಿಲ್ದಾಣದ ಬಿಸಿಲನ್ನು ನಂಬಬೇಡಿ. ಬಿರುಮಳೆಯ ದಿನಗಳಲ್ಲಿ ಬೆಳಗಿನ ಮೊದಲ ವಿಮಾನ ಮೇಲು, ಅದು ಹಿಂದಿನ ರಾತ್ರಿಯೇ ಬಂದು ನಿಂತಿರುತ್ತದೆ. ಮಂಜಿನ ಕಾಲದಲ್ಲಿ ಮಾತ್ರ ಈ ಸಲಹೆ ತಿರುಗುಮುರುಗು: ಆಗ ಮಧ್ಯಾಹ್ನದ್ದನ್ನು ಹಿಡಿಯಿರಿ.