ತಂಗಿ, ಆ ಲೆಕ್ಕಕ್ಕೆ ಚೀಟಿ ಎಲ್ಲಿದೆ?

ತಂಗಿ, ನಿನ್ನೆ ರಾತ್ರಿ ಹನ್ನೊಂದೂವರೆಗೆ ನೀನು ಗ್ರೂಪಿಗೆ ಹಾಕಿದ್ದನ್ನು ಬೆಳಿಗ್ಗೆ ಎದ್ದು ನೋಡಿದೆ. ಎರಡು ಸಲ ಓದಿದೆ. ಟೈಪ್ ಮಾಡಲು ಕೂತರೆ ಮಾತು ಬರುತ್ತಿಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ. ಒಂದೇ ಸಲ ಕೇಳಬೇಕು ಅಂತಿಲ್ಲ, ಬಿಟ್ಟು ಬಿಟ್ಟು ಕೇಳು.

ನಿನ್ನ ಶಾಲೆಗೆ ತಪಾಸಣೆಯ ಸಾಹೇಬರು ಪಾಠ ನೋಡಲು ಬಂದಿದ್ದರು, ಹಿಂದಿನ ಬೆಂಚಿನಲ್ಲಿ ಕೂತಿದ್ದು ಏನೂ ಹೇಳದೆ ಎದ್ದು ಹೋದರು ಅಂತ ಬರೆದಿದ್ದೀಯ. ಆಮೇಲೆ, ‘ನನಗೆ ಪಾಠ ಮಾಡಲು ಬರುವುದೇ ಇಲ್ಲ, ಅಲ್ಲಿ ಯಾರಿಗೂ ನಾನು ಬೇಡ, ಬರುವ ವರ್ಷ ತೆಗೆದುಹಾಕುತ್ತಾರೆ, ಅಪ್ಪ-ಅವ್ವಗೆ ನಾನು ಭಾರ’ ಅಂತ. ಅದರ ಕೆಳಗೆ ಕಾಕಾ, ನೀವು ‘ಧೈರ್ಯ ತಗೋ, ಸುಮ್ನೆ ಇಲ್ಲದ್ದೆಲ್ಲ ಯೋಚನೆ ಮಾಡಬೇಡ’ ಅಂತ ಹಾಕಿದ್ದೀರಿ. ಮಗಳ ಮೇಲಿನ ಪ್ರೀತಿಗೇ ಹಾಕಿದ್ದೀರಿ, ನನಗೆ ಗೊತ್ತು. ಆದರೆ ಕಾಕಾ, ಡಿಪ್ರೆಶನ್ ಅನ್ನುವ ಈ ಬೇನೆಯಲ್ಲಿ ಯೋಚನೆ ನಾವು ಮಾಡುವುದಲ್ಲ, ತಾನಾಗಿ ಬರುತ್ತದೆ. ಬೇಡ ಅಂದಷ್ಟೂ ಜಾಸ್ತಿ ಬರುತ್ತದೆ. ‘ಧೈರ್ಯ ತಗೊಳ್ಳುವುದೂ ನನ್ನಿಂದ ಆಗಲಿಲ್ಲವಲ್ಲ’ ಅಂತ ಅದರ ಮೇಲೆ ಇನ್ನೊಂದು ನೋವು ಕೂರುತ್ತದೆ.

2021ರಲ್ಲಿ ನನಗೆ ಹೀಗೇ ಆಗಿತ್ತು. ನಿಮಗೆಲ್ಲ ಗೊತ್ತಿರುವುದು ಅಕ್ಕನಿಗೆ ಬಿಪಿ ಅಂತ. ಬಿಪಿ ಅಲ್ಲ, ಡಿಪ್ರೆಶನ್. ಇವತ್ತು ಎಲ್ಲರ ಮುಂದೆ ಹೇಳುತ್ತಿದ್ದೇನೆ. ಬೆಳಿಗ್ಗೆ ನಾಲ್ಕಕ್ಕೇ ಎಚ್ಚರ. ರೊಟ್ಟಿ ಬಡಿಯಲು ಕೂತರೆ ಹಿಟ್ಟು ಮುಂದೆ ಇಟ್ಟುಕೊಂಡು ಅಳುತ್ತಿದ್ದೆ. ಮೂರು ತಿಂಗಳು ಓಣಿಯ ಕೊನೆಯ ಮನೆಯವರಿಂದ ರೊಟ್ಟಿ ಕೊಂಡು ತಂದೆವು. ದಿನಾ ಆ ಪೊಟ್ಟಣ ಬಿಚ್ಚುವಾಗ ತಲೆಯಲ್ಲಿ ಒಂದೇ ಮಾತು: ‘ಮಕ್ಕಳಿಗೆ ಒಂದು ರೊಟ್ಟಿ ಬಡಿದು ಹಾಕಲಾರದ ತಾಯಿ.’ ಬೇರೆ ಯಾರಾದರೂ ಅಂದಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ. ಅದು ನನ್ನದೇ ದನಿಯಲ್ಲಿ ಬರುತ್ತಿತ್ತು. ಅದಕ್ಕೇ ನಂಬಿದೆ.

ಧಾರವಾಡದ ಡಿಮ್ಹಾನ್ಸ್‌ಗೆ, ಅಂದರೆ ಅಲ್ಲಿನ ಮಾನಸಿಕ ಆಸ್ಪತ್ರೆಗೆ, ಹೋಗಲು ಹೆದರಿದ್ದೆ. ಸಣ್ಣವರಿದ್ದಾಗ ‘ನಿನ್ನ ಧಾರವಾಡಕ್ಕೆ ಕಳಿಸಬೇಕು’ ಅಂತ ಬೈಯುತ್ತಿದ್ದರು, ನೆನಪಿದೆ ಅಲ್ವಾ? 1845ರಿಂದ ಇರುವ ಆಸ್ಪತ್ರೆ ಅದು, ನಮ್ಮ ಮನೆಯಲ್ಲಿ ಬರೀ ಬೈಗುಳವಾಗಿತ್ತು. ನಿನ್ನ ಭಾವ ಒಂದು ದಿನ ಚಿಗರಿ ಬಸ್ ಹತ್ತಿಸಿ ಕರೆದುಕೊಂಡು ಹೋದರು. ಅಲ್ಲಿ ಸಾಲಿನಲ್ಲಿ ಕೂತವರು ನಮ್ಮಂಥವರೇ. ಪುಸ್ತಕ ಹಿಡಿದ ಕಾಲೇಜು ಹುಡುಗ, ಹಸುಗೂಸಿನ ತಾಯಿ, ರುಮಾಲು ಸುತ್ತಿದ ಒಬ್ಬ ಅಜ್ಜ.

ಅಲ್ಲಿ ಮಾತಾಡಿಸಿದ ಮೇಡಂ ರೊಟ್ಟಿ ವಿಷಯ ಕೇಳಿ, ‘ಮಕ್ಕಳು ಒಂದು ದಿನವಾದರೂ ಹಸಿದು ಮಲಗಿದರಾ?’ ಅಂದರು. ಇಲ್ಲ ಅಂದೆ. ‘ರೊಟ್ಟಿಗೆ ದುಡ್ಡು ಯಾರದು?’ ನನ್ನ ಪಗಾರದ್ದು. ‘ಮತ್ತೆ ಹೊಟ್ಟೆಗೆ ಹಾಕಿದವರು ಯಾರು?’ ನನಗೆ ಉತ್ತರ ಬರಲಿಲ್ಲ. ಆಮೇಲೆ ಕೆಲಸ ಏನು ಅಂತ ಕೇಳಿದರು. ಅಮರಗೋಳದ ಎಪಿಎಂಸಿಯಲ್ಲಿ ದಲಾಲಿ ಅಂಗಡಿ ಲೆಕ್ಕ ಬರೆಯುತ್ತೇನೆ ಅಂದೆ. ‘ಚೀಟಿ ಇಲ್ಲದೆ ಕಿರ್ದಿಗೆ ಏರಿಸುತ್ತೀರಾ?’ ಅಂದರು. ಕಿರ್ದಿ ಅಂದರೆ ದಿನದ ಲೆಕ್ಕದ ಪುಸ್ತಕ, ಚೀಟಿ ಅಂದರೆ ಆ ಲೆಕ್ಕಕ್ಕೆ ಪುರಾವೆ. ಇಪ್ಪತ್ತು ವರ್ಷದಲ್ಲಿ ಒಂದು ಸಾಲೂ ಹಾಗೆ ಏರಿಸಿಲ್ಲ ನಾನು. ತಲೆಯೊಳಗೆ ಮಾತ್ರ ದಿನಾ ಏರಿಸುತ್ತಿದ್ದೆ.

ಆರನ್ ಬೆಕ್ ಅಂತ ಅಮೆರಿಕದ ಫಿಲಡೆಲ್ಫಿಯಾದ ಡಾಕ್ಟರ್ 1960ರ ದಶಕದಲ್ಲಿ ಇದನ್ನು ಗಮನಿಸಿದರಂತೆ. ಈ ಬೇನೆಯವರಿಗೆ ಮಿಂಚಿನ ಹಾಗೆ ತಾನೇ ಹಾದು ಹೋಗುವ ಯೋಚನೆಗಳು ಬರುತ್ತವೆ. ನಾನು ಸರಿ ಇಲ್ಲ, ಸುತ್ತಲಿನವರು ಸರಿ ಇಲ್ಲ, ಮುಂದೆಯೂ ಒಳ್ಳೆಯದಾಗುವುದಿಲ್ಲ. ನಿನ್ನ ಮೆಸೇಜ್ ತೆಗೆದು ನೋಡು, ತಂಗಿ. ಮೂರೂ ಇವೆ. ನೀನು ಬರೆದದ್ದು ನಿನ್ನ ಗುಣ ಅಲ್ಲ, ಈ ಬೇನೆಯ ಗುಣ.

ಈಗ ಚೀಟಿ ಹುಡುಕೋಣ. ಸಾಹೇಬರು ಮಾತಾಡದೆ ಹೋದರು. ಇದಕ್ಕೆ ಚೀಟಿ ಇದೆ, ಕಣ್ಣಾರೆ ನೋಡಿದ್ದೀಯ. ಪಾಠ ಬರುವುದಿಲ್ಲ ಅನ್ನುವುದಕ್ಕೆ? ತೆಗೆದುಹಾಕುತ್ತಾರೆ ಅನ್ನುವುದಕ್ಕೆ? ಭಾರ ಅಂತ ಕಾಕಾ ಯಾವತ್ತಾದರೂ ಅಂದಿದ್ದಾರಾ? ಹಾಗಂತ ಸಾಹೇಬರಿಗೆ ನಿನ್ನ ಪಾಠ ಭಾಳ ಸೇರಿತು ಅಂತಲೂ ನಾನು ಹೇಳುವುದಿಲ್ಲ. ಅದಕ್ಕೂ ಚೀಟಿ ಇಲ್ಲ. ಒಳ್ಳೆಯದನ್ನೇ ಯೋಚಿಸು ಅಂತ ನಾನು ಹೇಳುತ್ತಿಲ್ಲ, ಇದ್ದಷ್ಟೇ ಬರಿ ಅಂತ ಹೇಳುತ್ತಿದ್ದೇನೆ. ಬೇಕಾದರೆ ಹೆಡ್‌ಮಾಸ್ತರರನ್ನು ಕೇಳು, ಸಾಹೇಬರು ಏನಾದರೂ ಅಂದರಾ ಅಂತ. ಅವರು ಹೇಳಿದ್ದನ್ನು ಬರೆದುಕೊ.

ಇನ್ನೊಂದು ವಿಷಯ. ಭಾಗಾಕಾರ ಬಾರದ ಹುಡುಗನ ಕೈಗೆ ಶೇಂಗಾ ಕಾಳು ಕೊಟ್ಟು, ಹಂಚಿಸಿ ಕಲಿಸಿದೆ ಅಂತ ಗಣೇಶ ಹಬ್ಬಕ್ಕೆ ಬಂದಾಗ ನೀನೇ ಹೇಳಿದ್ದೆ. ಅದು ಎಲ್ಲಿ ಹೋಯಿತು? ‘ಅದೇನು ದೊಡ್ಡದು’ ಅನ್ನಿಸುತ್ತದೆ ಅಲ್ವಾ? ನನಗೂ ಹಾಗೇ ಆಗುತ್ತಿತ್ತು. ಈ ಬೇನೆಯಲ್ಲಿ ಖರ್ಚಿನ ಬದಿ ದಪ್ಪ ಅಕ್ಷರದಲ್ಲಿ ತುಂಬುತ್ತದೆ, ಜಮಾ ಬದಿ ಖಾಲಿ. ಅದನ್ನು ಹಟ ಹಿಡಿದು ಕೈಯಿಂದಲೇ ಬರೆಯಬೇಕು.

ಒಂದು ನಿಮಿಷ, ಬಾಗಿಲಿಗೆ ಹಾಲಿನವರು ಬಂದರು... ಹಾಂ, ಹೇಳು ಹೇಳು ಅಂತ ಮನಸ್ಸು ಅನ್ನುತ್ತಿರುವುದು ಇದೊಂದು. ಕೆಲವು ಸಲ ಚೀಟಿ ಇರುತ್ತದೆ. ಆ ವರ್ಷ ಮಗನ ಮೇಲೆ ಒಂದು ದಿನ ಕೆಟ್ಟದಾಗಿ ಕೂಗಾಡಿದೆ. ಅವನು ಊಟ ಬಿಟ್ಟು ಎದ್ದು ಹೋದ. ಅದು ನಿಜ. ನನ್ನ ನೋಟ್‌ಬುಕ್ಕಿನಲ್ಲಿ ಬರೆದೆ. ಮರುದಿನ ಅವನ ಪಕ್ಕ ಕೂತು ‘ತಪ್ಪಾಯಿತಪ್ಪಾ’ ಅಂದೆ, ಅದನ್ನೂ ಬರೆದೆ. ಕೂಗಾಡಿದ್ದು ಒಂದು ಸಾಲು. ‘ಕೆಟ್ಟ ತಾಯಿ’ ಅನ್ನುವುದು ಪುಸ್ತಕದ ರಟ್ಟಿನ ಮೇಲೆ ಹೆಸರು ಬರೆದ ಹಾಗೆ. ಒಂದು ಸಾಲಿಗೆ ಪುಸ್ತಕದ ಹೆಸರು ಬದಲಾಗಬಾರದು.

ಮೊದಲ ತಿಂಗಳು ನನ್ನಿಂದ ಒಂದಕ್ಷರ ಬರೆಯಲು ಆಗಲಿಲ್ಲ, ಅದನ್ನೂ ತಿಳಿದಿರು. ನೋಟ್‌ಬುಕ್ ಖಾಲಿ ಇತ್ತು. ಆಗ ಬರೀ ಸ್ನಾನ, ಎರಡು ತುತ್ತು, ಉಣಕಲ್ ಕೆರೆ ದಂಡೆ ಮೇಲೆ ನಾಲ್ಕು ಹೆಜ್ಜೆ. ಈ ಬೇನೆಯ ಗುಳಿಗೆ ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು. ನೀನು ಶುರು ಮಾಡಿ ಮೂರು ವಾರ ಆಯಿತು, ‘ಏನೂ ಆಗುತ್ತಿಲ್ಲ’ ಅಂತ ಬಿಡಬೇಡ. ಆರಾಮ ಅನ್ನಿಸಿದ ಮೇಲೂ ನೀನಾಗಿ ಬಿಡಬೇಡ. ನಾನು ಬಿಟ್ಟಿದ್ದೆ. ಎರಡು ತಿಂಗಳಿಗೆ ಮತ್ತೆ ಹಾಸಿಗೆ ಹಿಡಿದೆ. ಆರಾಮಾದ ಮೇಲೂ ಕನಿಷ್ಠ ಆರು ತಿಂಗಳು ನಡೆಯಬೇಕು ಅಂತ ಡಾಕ್ಟರ್ ಆಮೇಲೆ ಹೇಳಿದರು.

ಕಾಕಾ, ಕಾಕು, ವೀರನಾರಾಯಣನ ಗುಡಿಗೆ ಕರೆದುಕೊಂಡು ಹೋಗಿ, ಬೇಡ ಅನ್ನುವುದಿಲ್ಲ. ಗುಳಿಗೆ ಮಾತ್ರ ತಪ್ಪಿಸಬೇಡಿ. ‘ಮದುವೆ ಮಾಡಿದರೆ ಎಲ್ಲ ಸರಿ ಹೋಗುತ್ತದೆ’ ಅಂತ ದೊಡ್ಡವ್ವ ಹೋದ ವಾರ ಅಂದರು. ದೊಡ್ಡವ್ವ, ಕಾಲಿಗೆ ಬಿದ್ದು ಕೇಳುತ್ತೇನೆ, ಆ ಮಾತು ಈಗ ಬೇಡ. ಸಂಜೆ ಅವಳ ಪಕ್ಕ ಕೂತು ‘ಇವತ್ತು ತಲೆಯಲ್ಲಿ ಏನು ಮಾತು ಬಂತು?’ ಅಂತ ಕೇಳಿ. ಕೇಳಿಸಿಕೊಳ್ಳಿ, ಅಷ್ಟೇ.

ತಂಗಿ, ‘ಭಾರ’ ಅನ್ನುವ ಆ ಒಂದು ಶಬ್ದ ನನ್ನ ಎದೆಯಲ್ಲಿ ಕೂತಿದೆ. ಇವತ್ತು ರಾತ್ರಿ ಎಂಟಕ್ಕೆ ಫೋನ್ ಮಾಡುತ್ತೇನೆ. ಜೀವದ ಬಗ್ಗೆ ಏನಾದರೂ ಕೆಟ್ಟ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳುತ್ತೇನೆ, ಹೆದರದೆ ಹೇಳು. ಅಂಥ ಯೋಚನೆ ಬಂದಾಗ ಚೀಟಿ, ನೋಟ್‌ಬುಕ್ ಅಂತ ಒಬ್ಬಳೇ ಕೂರಬೇಡ. ಅವ್ವನನ್ನು ಎಬ್ಬಿಸು. ನನಗೆ ಎಷ್ಟು ಹೊತ್ತಿಗಾದರೂ ಫೋನ್ ಮಾಡು. 14416ಕ್ಕೂ ಮಾಡಬಹುದು, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯದ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಕಾಕಾ, ಈ ನಂಬರ್ ನಿಮ್ಮ ಫೋನಿನಲ್ಲೂ ಇಟ್ಟುಕೊಳ್ಳಿ.

ರವಿವಾರ ಬೆಳಗಿನ ರೈಲಿಗೆ ಗದಗಕ್ಕೆ ಬರುತ್ತೇನೆ. ನನ್ನ ಹಳೆಯ ನೋಟ್‌ಬುಕ್ ತರುತ್ತೇನೆ, ಓದು. ಬೇರೆ ಯಾರಿಗೂ ತೋರಿಸಿಲ್ಲ. ಈಗ ಉತ್ತರ ಬರೆಯಬೇಕು ಅಂತ ಕಷ್ಟಪಡಬೇಡ. ಕೇಳಿದೆ ಅಂತ ಒಂದು ಹೆಬ್ಬೆರಳಿನ ಗುರುತು ಒತ್ತು, ನನಗೆ ಅಷ್ಟು ಸಾಕು.