ಹ್ಯಾಂಗ್ ಆನ್ ಅಂದ್ರೆ ಸ್ವಲ್ಪ ಇರಿ, ಹ್ಯಾಂಗ್ ಅಪ್ ಅಂದ್ರೆ ಫೋನ್ ಇಡಿ. ಏನ್ ಲಾಜಿಕ್ ಗುರೂ ಇದು?

ತುಮಕೂರ್_ಹೈದ:
ಬಿಪಿಓ ಸೇರಿ ಎರಡು ವಾರ ಆಯ್ತು, ಅಮೆರಿಕದ ಕಾಲ್ಸು. ಮೊನ್ನೆ ರಾತ್ರಿ ಒಬ್ರು ವಯಸ್ಸಾದೋರು ರೂಟರ್ ಹಿಂದಿರೋ ನಂಬರ್ ನೋಡ್ಕೊಂಡ್ ಬರ್ತೀನಿ ಅಂತ 'ಹ್ಯಾಂಗ್ ಆನ್' ಅಂದ್ರು, ನನ್ ತಲೇಲಿ ಹ್ಯಾಂಗ್ ಅಂದ್ರೆ ಫೋನ್ ಇಡೋದು ಅಂತಾನೇ ಕೂತಿತ್ತಾ, ಥ್ಯಾಂಕ್ಯೂ ಸರ್ ಅಂತ ಹೇಳಿ ಕಟ್ ಮಾಡ್ಬಿಟ್ಟೆ. ಪಕ್ಕದಲ್ಲೇ ಹೆಡ್‌ಸೆಟ್ ಹಾಕ್ಕೊಂಡು ಕೇಳ್ತಿದ್ದ ಟೀಮ್ ಲೀಡ್ ಹಣೆ ಚಚ್ಕೊಂಡ್ರು. ಎರಡರಲ್ಲೂ ಇರೋದು ನೇತಾಕೋದೇ ತಾನೇ, ಒಂದ್ರಲ್ಲಿ ಲೈನ್ ಉಳ್ಕೊಳುತ್ತೆ ಇನ್ನೊಂದ್ರಲ್ಲಿ ಹೋಗುತ್ತೆ. ಅದಿರ್ಲಿ, ಫೋನ್‌ನ ಯಾರಾದ್ರೂ ನೇತಾಕ್ತಾರಾ?

ಹಳೇ_ಲೈನ್‌ಮನ್:
ನೇತಾಕ್ತಿದ್ರಪ್ಪ. ಮೊದಲಿನ ಗೋಡೆ ಫೋನ್ ಚಿತ್ರ ನೋಡು, ಮರದ ಪೆಟ್ಟಿಗೆ, ಮಾತಾಡೋ ಕೊಳವೆ ಅದಕ್ಕೇ ಫಿಕ್ಸು, ಕಿವಿಗಿಡೋದು ಮಾತ್ರ ವೈರಲ್ಲಿ ಬೇರೆ, ಅದನ್ನ ತಗಲಾಕೋಕೆ ಪಕ್ಕದಲ್ಲೊಂದು ಕೊಕ್ಕೆ. ಆ ಕೊಕ್ಕೇನೇ ಸ್ವಿಚ್ಚು. ರಿಸೀವರ್ ಭಾರಕ್ಕೆ ಅದು ಕೆಳಗೆ ಬಗ್ಗಿದ್ರೆ ಮಾತಿನ ಸರ್ಕ್ಯೂಟ್ ಕಟ್ಟಾಗಿ ಗಂಟೆ ಲೈನಿಗೆ ಸೇರ್ಕೊಳುತ್ತೆ, ಎತ್ತಿದ್ರೆ ಸ್ಪ್ರಿಂಗು ಮೇಲೆ ಎಳೆದು ಮತ್ತೆ ಮಾತು. ಗ್ರಹಾಂ ಬೆಲ್ ಫೋನಿಗೆ ಪೇಟೆಂಟ್ ತಗೊಂಡಿದ್ದು 1876, ತೀರಾ ಮೊದಮೊದಲು ಈ ಸ್ವಿಚ್ಚನ್ನ ಕೈಯಲ್ಲೇ ತಿರುಗಿಸ್ಬೇಕಿತ್ತು, ಜನ ಮರೆತು ಹೋಗ್ಬಿಡೋರು. ಕೊಕ್ಕೆ ಬಂದ್ಮೇಲೆ ತಗಲಾಕಿದ್ರೆ ಮುಗೀತು.

ಬ್ರಿಟಿಷರು ಇದಕ್ಕೇ 'ರಿಂಗ್ ಆಫ್' ಅನ್ನೋರು. ಹ್ಯಾಂಡಲ್ ತಿರುಗಿಸೋ ಫೋನಲ್ಲಿ ಮಾತು ಮುಗಿದ್ಮೇಲೆ ಇನ್ನೊಂದ್ಸಲ ತಿರುಗಿಸ್ಬೇಕಿತ್ತು, ಆಗ ಎಕ್ಸ್‌ಚೇಂಜ್ ಬೋರ್ಡಲ್ಲಿ ಒಂದು ಪುಟ್ಟ ಮುಚ್ಚಳ ಟಕ್ ಅಂತ ಬೀಳೋದು, ಆಪರೇಟರ್ ನೋಡಿ ಪ್ಲಗ್ ಕೀಳೋಳು.

ನಮ್ ಕಡೆ ಮನೆಮನೆಗೆ ಬಂದಿದ್ದು ಮೇಜಿನ ಮೇಲಿನ ಫೋನು, 1948ರಲ್ಲಿ ಶುರುವಾದ ನಮ್ ಬೆಂಗಳೂರಿನ ಐಟಿಐ, ಅಂದ್ರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೇದು, ದೂರವಾಣಿನಗರ ಅನ್ನೋ ಹೆಸರೂ ಅದ್ರಿಂದಾನೇ. ಅದಕ್ಕೇ ನಾವು ನೇತಾಕಲ್ಲ, 'ಇಡ್ತೀವಿ'.

ಧಾರವಾಡ_ಫೇಡೆ:
ನಮ್ ಕಡೆ 'ಹ್ಯಾಂಗ' ಅಂದ್ರ 'ಹೇಗೆ' ಅಂತ ಅರ್ಥ, ಟೈಟಲ್ ನೋಡಿ ಮೊದ್ಲ ನಕ್ಕೆ. ಹೈದ ಅವರ, ನೀವು ಹ್ಯಾಂಗ್ ಹಿಡ್ಕೊಂಡ್ ಕುಂತೀರಿ, ಆಟ ಇರೋದು ಬಾಲದಾಗ. ಇಂಗ್ಲೀಷ್‌ನ್ಯಾಗ 'ಆನ್' ಬಾಳ ಕಡೆ 'ಆಗ್ತಾ ಇರ್ಲಿ' ಅಂತ ಹೇಳ್ತೈತಿ, ಗೋ ಆನ್, ಕ್ಯಾರಿ ಆನ್ ನೋಡ್ರಿ. ಹ್ಯಾಂಗ್ ಆನ್ ಅಂದ್ರ ಜೋತುಬಿದ್ದು ಬಿಡದಂಗ ಹಿಡ್ಕೊಂಡಿರೋದು, ಫೋನಿನ ಅರ್ಥ ಆಮ್ಯಾಲೆ ಬಂದದ್ದು. 'ಅಪ್' ಮುಗಿಸೋದು, ಈಟ್ ಅಪ್ ಅಂದ್ರ ತಿಂದುಬಿಡು. ನಮ್ಮ 'ಇರು', 'ಬಿಡು' ಮಾಡೋ ಕೆಲಸಾನ ಅವು ಮಾಡ್ತಾವ. ಹಿಡ್ಕೊಂಡಿರು, ಇಟ್ಟುಬಿಡು. ಅಷ್ಟ ರೀ.

ಹಳೇ_ಲೈನ್‌ಮನ್:
ಇರು ಬಿಡು ಹೋಲಿಕೆ ಚೆನ್ನಾಗಿದೆ ಫೇಡೆಯವ್ರೇ, ಆದ್ರೆ ಹ್ಯಾಂಗ್ ಅಪ್‌ನಲ್ಲಿರೋ ಅಪ್ ಮೊದ್ಲು ನಿಜವಾಗ್ಲೂ 'ಮೇಲೆ'ನೇ, ಕೋಟು ಗೂಟಕ್ಕೆ ತಗಲಾಕ್ತಾರಲ್ಲ ಹಂಗೆ. ಮುಗೀತು ಅನ್ನೋ ಅರ್ಥ ಬಂದಿದ್ದು ಕೊಕ್ಕೆಯಿಂದ. ಆಟಗಾರರು ರಿಟೈರ್ ಆದ್ರೆ ಬೂಟು ಹ್ಯಾಂಗ್ ಅಪ್ ಮಾಡಿದ ಅಂತಾರಲ್ಲ, ಅದೂ ಇದೇ ಗೂಟ.

ನೈಟ್_ಶಿಫ್ಟ್_ಅಡ್ಮಿನ್:
ಕಂಪ್ಯೂಟರಲ್ಲಿ ವಿಂಡೋಸ್ ಬದ್ಲು ಲಿನಕ್ಸ್ ಮುಟ್ಟಿರೋರಿಗೆ ಈ ಹ್ಯಾಂಗ್ ಅಪ್ ದಿನಾ ಸಿಗುತ್ತೆ, ಯಾರೂ ಗಮನಿಸಲ್ಲ. ಲಿನಕ್ಸ್‌ಗೆ ಮಾದರಿಯಾದ ಹಳೇ ಯುನಿಕ್ಸ್‌ನಲ್ಲಿ, ಓಡ್ತಿರೋ ಪ್ರೋಗ್ರಾಮಿಗೆ ಕಳಿಸೋ ಸೂಚನೆಗಳಲ್ಲಿ (ಸಿಗ್ನಲ್ಲು) ಒಂದನೇ ನಂಬರಿಂದು ಸಿಗ್‌ಹಪ್, ಆ ಹಪ್ ಅಂದ್ರೆ ಹ್ಯಾಂಗ್ ಅಪ್ಪೇ. ಮೋಡೆಮ್‌ನಲ್ಲಿ, ಅಂದ್ರೆ ಫೋನ್ ಲೈನ್ ಮೂಲಕ, ದೂರದ ಕಂಪ್ಯೂಟರಿಗೆ ಲಾಗಿನ್ ಆಗಿದ್ದೋನ ಲೈನ್ ಕಟ್ಟಾದ್ರೆ ಅವನ ಪ್ರೋಗ್ರಾಮಿಗೆ 'ಯಜಮಾನ ಫೋನ್ ಇಟ್ಟ, ನೀನೂ ಹೊರಡು' ಅಂತ ಕಳಿಸೋ ಸಂದೇಶ. ಬೇಡ, ಓಡ್ತಾನೇ ಇರ್ಲಿ ಅಂದ್ರೆ ನೋಹಪ್ ಅನ್ನೋ ಕಮಾಂಡು. ತಮಾಷೆ ಏನಂದ್ರೆ ಹಿನ್ನೆಲೇಲಿ ಓಡೋ ಸರ್ವರ್ ಪ್ರೋಗ್ರಾಮುಗಳಿಗೆ ಇಡೋಕೆ ಫೋನೇ ಇಲ್ವಲ್ಲ, ಹಂಗಾಗಿ ಅವುಗಳಲ್ಲಿ ಎಷ್ಟೋ ಈ ಸಿಗ್ನಲ್ ಬಂದ್ರೆ ಸಾಯಲ್ಲ, ಸೆಟ್ಟಿಂಗ್ಸ್ ಫೈಲ್ ಇನ್ನೊಂದ್ಸಲ ಓದ್ಕೊಳ್ತವೆ ಅಷ್ಟೇ. ಗೋಡೆ ಕೊಕ್ಕೆ ಎಲ್ಲಿಗೆ ಬಂತು ನೋಡಿ.

ಆಮೇಲೆ, ಯಾರಿಗಾದ್ರೂ ಒಂದು ವಿಷಯದಲ್ಲಿ ಬಿಡಲಾರದ ಅಳುಕಿದ್ರೆ ಅವನಿಗೆ ಹ್ಯಾಂಗಪ್ ಇದೆ ಅಂತಾರಲ್ಲ, ಅದು ಫೋನಿಂದಲ್ಲ. ಹಂಗ್ ಅಪ್ ಅಂದ್ರೆ ಎಲ್ಲೋ ಸಿಕ್ಕಾಕ್ಕೊಂಡು ತಡ ಆಗೋದು ಅಂತಾನೂ ಇತ್ತು, ಮನಸ್ಸು ಸಿಕ್ಕಾಕ್ಕೊಂಡ್ರೆ ಹ್ಯಾಂಗಪ್.

ತುಮಕೂರ್_ಹೈದ:
ಎಲ್ರಿಗೂ ಥ್ಯಾಂಕ್ಸ್. ಇರು ಬಿಡು ಅಂತ ಚೀಟಿ ಬರೆದು ಮಾನಿಟರ್‌ಗೆ ಅಂಟಿಸ್ಕೊಂಡಿದೀನಿ, ಟೀಮ್ ಲೀಡ್ ತಮಿಳ್ನೋರು, ಏನಿದು ಅಂತ ಕೇಳಿದ್ರು, ಹೇಳೋಷ್ಟರಲ್ಲಿ ಕಾಲ್ ಬಂತು. ಒಂದೇ ಡೌಟು ಈಗ: ನಮ್ಮಮ್ಮ 'ಸರಿ ಕಣೋ, ಇಡ್ಲಾ?' ಅಂತ ಹೇಳಿ ಆಮೇಲೆ ಇನ್ನೂ ಅರ್ಧ ಗಂಟೆ ಮಾತಾಡ್ತಾರೆ. ಅದು ಹ್ಯಾಂಗ್ ಅಪ್ಪಾ, ಹ್ಯಾಂಗ್ ಆನ್ನಾ?